ಸಕ್ಕರೆ ಹಾಕಿ ಮುಚ್ಚಿದ ಬಾಯಿ

ಮಿಸ್ತ್ರಿ ಎಂಜಿನ್ನಿಗೆ ಕಿವಿ ಕೊಟ್ಟರೆಂದರೆ ಟ್ರ್ಯಾಕ್ಟರಿನ ಮಾಲೀಕನ ಮುಖ ಇಳಿದುಹೋಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರು. ಕೇಳಿಸಿಕೊಂಡದ್ದನ್ನು ಹೇಳಲು ಅವರು ಬಾಯಿ ತೆರೆಯುವುದರೊಳಗೆ ಯಾರಾದರೊಬ್ಬರು ಮುಂದೆ ನುಗ್ಗಿ ಅವರ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿಬಿಡುತ್ತಿದ್ದರು.

"ಮಾತ ಬ್ಯಾಡ್ರಿ ಮಿಸ್ತ್ರಿ. ಕೆಲಸ ಮಾಡ್ರಿ, ಸಾಕು."

ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಈಗಲೂ ರಸ್ತೆಯ ಮೇಲೆ ಹಳೆಯ ಟ್ರ್ಯಾಕ್ಟರೊಂದು ಟಕಟಕ ಎನ್ನುತ್ತಾ ಹೋದರೆ ನನ್ನ ಕತ್ತು ತಾನಾಗಿ ಎದುರಿನ ಶೆಡ್ಡಿನ ಕಡೆಗೆ ತಿರುಗುತ್ತದೆ. ಬಾಗಿಲಿಗೆ ಬೀಗ ಇದೆ.

ನಮ್ಮ ಕಡೆ ಇದಕ್ಕೆ ಕರಿನಾಲಿಗೆ ಎನ್ನುತ್ತಾರೆ. ಕೆಲವರ ಬಾಯಿಂದ ಬಿದ್ದ ಕೆಟ್ಟ ಮಾತು ನಿಜವಾಗಿಬಿಡುತ್ತದೆ ಎನ್ನುವ ಹೆದರಿಕೆ. ಅಂಥವರು ಮದುವೆ ಮನೆಗೆ ಬಂದು ಹಂದರದ ಕಂಬ ಸೊಟ್ಟಗಿದೆ ಎಂದರೆ ಹಂದರ ಬೀಳುತ್ತದೆ, ಹೈನದ ಎಮ್ಮೆ ನೋಡಿ ಬಾಯಿಬಿಟ್ಟರೆ ಮರುದಿನ ಅದು ಒದೆಯುತ್ತದೆ. ಬಾಯಿ ಸಿಹಿ ಮಾಡಿದರೆ ಮಾತು ಒಳಗೇ ಕರಗುತ್ತದೆ ಎಂಬುದು ಅದಕ್ಕೆ ಮಂದಿ ಕಂಡುಕೊಂಡ ಉಪಾಯ. ಮಿಸ್ತ್ರಿಯ ಹತ್ತಿರ ಬರುವವರು ಜೇಬಿನಲ್ಲಿ ಸಕ್ಕರೆಯ ಪುಡಿಕೆ ಇಟ್ಟುಕೊಂಡೇ ಬರುತ್ತಿದ್ದರು. ಬರದೆ ಇರುವ ಹಾಗೂ ಇರಲಿಲ್ಲ. ಹಳೆಯ ಎಂಜಿನ್ನಿನ ತಲೆ ಬಿಚ್ಚಿ, ಮತ್ತೆ ಕೂಡಿಸಿ, ಎಣ್ಣೆ ಕುಡಿಸಿ ಎಬ್ಬಿಸುವುದರಲ್ಲಿ ಅವರ ಕೈಗೆ ಸಮ ಇನ್ನೊಂದು ಕೈ ಶಹಾಬಾದಿನಿಂದ ಸೇಡಂವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಅವರ ಕೈ ಬೇಕಿತ್ತು, ಬಾಯಿ ಬೇಡವಾಗಿತ್ತು.

ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆಯ ಬದಿಗೆ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಇಟ್ಟವರು ನನ್ನ ಗಂಡ. ಅವರಿಗೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ವಾರಕ್ಕೊಮ್ಮೆ ಮಾತ್ರ ಮನೆಗೆ ಬರುವಂತಾದ ಮೇಲೆ ಗಲ್ಲಾದ ಹಿಂದೆ ನಾನು ಕೂತೆ. ಎದುರಿಗೆ ಬೇವಿನ ಗಿಡದ ಕೆಳಗೆ ಮಿಸ್ತ್ರಿಯ ತಗಡಿನ ಶೆಡ್ಡು, ಅದರ ಬೆನ್ನಿಗೇ ಅವರ ಮನೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ನಾಲವಾರಕ್ಕೆ ಕೊಟ್ಟಿದ್ದರು. ಬುದ್ಧಿ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ, ಹೇಳದೆ ಇರಲು ಅವರಿಗಾಗುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ದಿನಾ ಜಗಳ. ನಾನು ಕೊಟ್ಟ ವಾಲ್ವ್ ಸ್ಪ್ರಿಂಗನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, "ಯಕ್ಕಾ, ಇದು ಸ್ಪ್ರಿಂಗ್ ಅಲ್ಲ, ಜಿಲೇಬಿ" ಎಂದು ಗಿರಾಕಿಯ ಮುಂದೆಯೇ ಹೇಳಿದ ಮನುಷ್ಯ. ಅವತ್ತು ನಾನು ಅವರ ಚಹಾ ಬಂದ್ ಮಾಡಿದೆ. ಮರುದಿನ ತಾವೇ ಕೆಟಲಿ ಹಿಡಿದುಕೊಂಡು ಬಂದು ನಿಂತರು.

ಆದರೂ ಅವರು ಬಾಯಿಬಿಟ್ಟು ಮಾತಾಡುತ್ತಿದ್ದುದು ನನ್ನ ಅಂಗಡಿಯಲ್ಲೊಂದೇ. ನಾನು ಚಹಾಕ್ಕೂ ಬೆಲ್ಲ ಹಾಕುವವಳು, ನಮ್ಮಲ್ಲಿ ಸಕ್ಕರೆಯ ಡಬ್ಬಿಯೇ ಇರಲಿಲ್ಲ. ಮೆಟ್ಟಿಲ ಮೇಲೆ ಕೂತರೆಂದರೆ ಇಡೀ ದಿನ ನುಂಗಿಕೊಂಡದ್ದೆಲ್ಲ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಹೋದ ಲಾರಿಯ ಬೇರಿಂಗು, ಗಿರಣಿಯ ಬೆಲ್ಟು, ಶಾಲೆಯ ಬೋರ್‌ವೆಲ್ಲಿನ ಪಂಪು, ಯಾವುದು ಯಾವಾಗ ಕೈಕೊಡುತ್ತದೆ ಎಂದು ಒಂದೊಂದಾಗಿ ಹೇಳುತ್ತಿದ್ದರು. ಅವರು ಹೇಳಿದ್ದು ಹೇಳಿದ ಹಾಗೇ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಗಿರಣಿಯ ಬೆಲ್ಟು ಹರಿದು ಗಿರಣಿಯವನ ಕೈಗೆ ಬಡಿದ ಸುದ್ದಿ ಬಂದ ಸಂಜೆ ನನಗೂ ಮೈ ಜುಮ್ಮೆಂದಿತ್ತು. ಮರುದಿನ ಮಿಸ್ತ್ರಿ ಮೆಟ್ಟಿಲ ಮೇಲೆ ಕೂತಾಗ ನಾನು ಸ್ವಲ್ಪ ದೂರವೇ ನಿಂತಿದ್ದೆ.

ಅವರ ಕೆಲಸ ನೋಡಲು ಚೆನ್ನಾಗಿತ್ತು. ಶೆಡ್ಡಿನ ಮಧ್ಯದಲ್ಲಿ ಒಂದು ದೊಡ್ಡ ಫರಸಿ, ನಾವು ನೆಲಕ್ಕೆ ಹಾಸುವ ಶಹಾಬಾದದ ಕಲ್ಲೇ. ಗಣಿಯವರಿಂದ ಅದರಲ್ಲಿ ಸಾಲಾಗಿ ತೂತು ಕೊರೆಸಿದ್ದರು. ಎಂಜಿನ್ ಬಿಚ್ಚಿದಾಗ ಒಂದೊಂದು ವಾಲ್ವನ್ನೂ ಅದನ್ನು ಆಡಿಸುವ ಉದ್ದನೆಯ ಪುಶ್‌ರಾಡನ್ನೂ ಬಿಚ್ಚಿದ ಸಾಲಿನಲ್ಲೇ ಆ ತೂತುಗಳಲ್ಲಿ ನಿಲ್ಲಿಸುತ್ತಿದ್ದರು. ಮೊದಲನೆಯದರ ಜಾಗಕ್ಕೆ ಎರಡನೆಯದು ಹೋಗುವಂತಿಲ್ಲ. ಎಲ್ಲ ಒಂದೇ ಅಳತೆಯವಲ್ಲವೇ, ಹಿಂದುಮುಂದಾದರೆ ಏನಾಯಿತು ಎಂದು ನಾನು ಕೇಳಿದ್ದೆ.

"ಅಳತಿ ಒಂದೇ ಅದ. ಸವದದ್ದು ಬ್ಯಾರೆ ಬ್ಯಾರೆ ಅದ. ಯಾರ ಜೋಡಿ ಯಾರು ಸವದಾರ, ಅವರ ಜೋಡೀನ ಅವರು ಬಾಳಬೇಕು ಯಕ್ಕಾ" ಎಂದು, ಹೆಂಡತಿಯ ಫೋಟೋ ತೂಗುಹಾಕಿದ್ದ ಗೋಡೆಯ ಕಡೆ ನೋಡಿದ್ದರು.

ಕೂಡಿಸುವಾಗ ಯಾವುದನ್ನೂ ಒಣಗಿದ ಕೈಯಿಂದ ಮುಟ್ಟುತ್ತಿರಲಿಲ್ಲ. ವಾಲ್ವಿನ ಕಡ್ಡಿಗೆ ಬೆರಳಿಂದ ಎಣ್ಣೆ ಸವರಿ ಅದರ ಕೊಳವೆಗೆ ಇಳಿಸುವುದು, ಮೇಲೆ ಸ್ಪ್ರಿಂಗ್ ಇಟ್ಟು ಅದುಮಿ, ಅರ್ಧಚಂದ್ರದಂಥ ಎರಡು ಸಣ್ಣ ಲಾಕುಗಳನ್ನು ಗ್ರೀಸಿನಿಂದ ಅಂಟಿಸಿ ಮೆಲ್ಲಗೆ ಬಿಡುವುದು. ಬಿಟ್ಟ ಮೇಲೆ ಸುತ್ತಿಗೆಯ ಕಟ್ಟಿಗೆ ಹಿಡಿಯಿಂದ ಟಕ್ ಎಂದು ಒಂದು ಪೆಟ್ಟು. ಲಾಕು ಸರಿಯಾಗಿ ಕೂತಿಲ್ಲದಿದ್ದರೆ ಅದು ಅಲ್ಲೇ ಹಾರಬೇಕು, ಹಾದಿಯಲ್ಲಿ ಹಾರಬಾರದು. ಆಮೇಲೆ ಪುಶ್‌ರಾಡುಗಳ ಎರಡೂ ತುದಿ ಎಣ್ಣೆಯಲ್ಲಿ ಅದ್ದಿ ಇಳಿಸುವುದು, ಕೊನೆಗೆ ರಾಕರ್. ಒಂದು ತುದಿಯನ್ನು ಪುಶ್‌ರಾಡ್ ಎತ್ತಿದಾಗ ಇನ್ನೊಂದು ತುದಿಯಿಂದ ವಾಲ್ವನ್ನು ಒತ್ತುವ ಕಬ್ಬಿಣದ ತುಂಡುಗಳು ಅವು. ಒಂದೇ ಟೊಳ್ಳು ಸರಳಿನ ಮೇಲೆ ಸಾಲಾಗಿ ಕೂತಿರುತ್ತವೆ. ಎಣ್ಣೆ ಆ ಸರಳಿನ ಒಳಗಿಂದ ಬಂದು ತೂತುಗಳಿಂದ ಒಸರಿ ಒಂದೊಂದು ರಾಕರನ್ನೂ ನೆನೆಸಬೇಕು. ಮಿಸ್ತ್ರಿ ಡೀಸೆಲ್ ಬಂದ್ ಮಾಡಿ, ಸೆಲ್ಫ್ ಹೊಡೆದು ಎಂಜಿನ್ ಸುಮ್ಮನೆ ತಿರುಗಿಸುತ್ತಾ, ಮುಚ್ಚಳವನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಕೊನೆಯ ರಾಕರಿನ ಮೇಲೆ ಎಣ್ಣೆ ಮಿನುಗುವ ತನಕ ಮುಚ್ಚಳ ಮುಚ್ಚುವಂತಿಲ್ಲ. ಇದು ಅವರ ಕಟ್ಟಳೆ. ಯಾರೋ ದೂರದೂರಿನಿಂದ ಫೋನಿನಲ್ಲೇ ಎಂಜಿನ್ನಿನ ಸದ್ದು ಕೇಳಿಸಿ ರೋಗ ಹೇಳಿ ಎಂದಾಗ, "ಫೋನಿನ್ಯಾಗ ಎಣ್ಣಿ ವಾಸನಿ ಬರಂಗಿಲ್ಲ" ಎಂದು ಇಟ್ಟುಬಿಟ್ಟಿದ್ದರು.

ಮಂದಿ ಹಾಕಿದ ಸಕ್ಕರೆ ತಿಂದು ತಿಂದು ಮಿಸ್ತ್ರಿಗೆ ಸಕ್ಕರೆ ಬೇನೆ ಬಂತು. ಡಾಕ್ಟರು ಬೇರೆ ಕಾರಣ ಹೇಳಿದರು. ಮಿಸ್ತ್ರಿ ಒಪ್ಪಲಿಲ್ಲ. "ಹೆದರಿಕಿ ಊರ ಮಂದೀದು, ಬ್ಯಾನಿ ನಂದು" ಎಂದು ನಗುತ್ತಾ ಗುಳಿಗೆ ನುಂಗುತ್ತಿದ್ದರು. ನಾನು ನಗಲಿಲ್ಲ. ಆ ಬೇನೆ ಬಂದ ಮೇಲೂ ಪುಡಿಕೆ ತರುವವರು ನಿಲ್ಲಿಸಲಿಲ್ಲ ನೋಡಿ, ಅದು ನನಗೆ ಇವತ್ತಿಗೂ ಸಿಟ್ಟು. ಬೇಡ ಎಂದು ಅವರೂ ಹೇಳಲಿಲ್ಲ. ಯಾಕೆಂದು ಒಮ್ಮೆ ಗದರಿಸಿ ಕೇಳಿದಾಗ ನದಿಯ ಕತೆ ಹೇಳಿದರು.

ಅವರದು ಕಾಗಿಣಾ ದಂಡೆಯ ಮನೆತನ. ಅಪ್ಪ ಹರಿಗೋಲು ಹಾಕುತ್ತಿದ್ದವರು. ಇವರಿನ್ನೂ ಸಣ್ಣವರಿದ್ದಾಗ ಒಂದು ದಿನ ದಂಡೆಯ ಮೇಲೆ ನಿಂತು, "ಅಪ್ಪಾ, ಇವತ್ತ ನೀರಿನ ಸಪ್ಪಳ ಬ್ಯಾರೆ ಅದ, ಹೋಗಬ್ಯಾಡ" ಎಂದರಂತೆ. ಮಂದಿ ಹತ್ತಿ ಕೂತಾಗಿತ್ತು. ಅಪ್ಪ ಬೈದು ಹರಿಗೋಲು ನೂಕಿದರು. ಮೇಲಿನಿಂದ ಹೊಸ ನೀರು ಬಂದಿದ್ದು ನಡುನದಿಗೆ ಹೋದ ಮೇಲೆ ತಿಳಿಯಿತು. ಹರಿಗೋಲು ಮಗುಚಿ, ಈಜಿ ಬಂದವರು ಬಂದರು. ಅಪ್ಪ ಬರಲಿಲ್ಲ. ಹೆಣ ಸಿಕ್ಕು ಮಣ್ಣು ಮಾಡಿದ ದಿನವೇ ಊರು ಹುಡುಗನ ನಾಲಿಗೆ ಹೊರಗೆ ಚಾಚಿಸಿ ಬಣ್ಣ ನೋಡಿತಂತೆ.

"ನಾ ಅಂದಿದ್ದಕ್ಕ ಮುಳುಗಿತೋ, ಮುಳುಗೋದಿತ್ತಂತ ನನಗ ಕೇಳಿಸ್ತೋ, ಇಲ್ಲೀತನಕ ಗೊತ್ತಾಗಿಲ್ಲ ಯಕ್ಕಾ" ಎಂದರು ಮಿಸ್ತ್ರಿ. "ಅದಕ್ಕ ಬಾಯಿಗಿ ಸಕ್ರಿ ಬಿತ್ತಂದ್ರ ಆ ಮಾತ ಅವರ ಮುಂದ ನಾ ಮತ್ತ ಎತ್ತಂಗಿಲ್ಲ. ಎತ್ತಿ ಏನರ ಆದ್ರ ಪಾಪ ನಂದು. ಎತ್ತದೇ ಆದ್ರ, ಬಾಯಿ ಮುಚ್ಚಿದವರದು."

ಆಗ ನನಗೆ ಅರ್ಥವಾಯಿತು. ಊರಿನವರಿಗಿಂತ ಹೆಚ್ಚು ಆ ನಾಲಿಗೆಗೆ ಹೆದರುತ್ತಿದ್ದವರು ಅವರೇ.

ನನ್ನ ತಮ್ಮ ನಿಂಗಪ್ಪ ಟ್ರ್ಯಾಕ್ಟರ್ ತಂದದ್ದು ಅದಾದ ಮರುವರ್ಷ. ಚಿಮ್ಮನಚೋಡದಲ್ಲಿ ಯಾರದೋ ಹೊಲದಲ್ಲಿ ನಿಂತಿದ್ದ ಹಳೆಯ ಗಾಡಿ. ಗಣಿಯಿಂದ ಕಲ್ಲು ಮೇಲಕ್ಕೆಳೆಯಲು ಅವನಿಗೆ ಅದು ಸಾಕಿತ್ತು. ಅಲ್ಲಿ ಯಾವನೋ ಅದರ ತಲೆ ಬಿಚ್ಚಿ, ವಾಲ್ವು, ಪುಶ್‌ರಾಡು, ರಾಕರುಗಳನ್ನೆಲ್ಲ ಒಂದು ಗೊಬ್ಬರದ ಚೀಲದಲ್ಲಿ ತುಂಬಿ ಕೈತೊಳೆದುಕೊಂಡಿದ್ದ. ಆ ಚೀಲವನ್ನು ಫರಸಿಯ ಮೇಲೆ ಸುರಿದಾಗ ಮಿಸ್ತ್ರಿ ಒಂದು ಪುಶ್‌ರಾಡನ್ನು ಎತ್ತಿ ತಿರುಗಿಸಿ ನೋಡಿದರು.

"ನಿಂಗಪ್ಪಾ, ಇವು ಜಾತ್ರ್ಯಾಗ ತಪ್ಪಿಸಿಕೊಂಡ ಕೂಸುಗಳು. ಯಾವುದು ಯಾರ ಮನೀದಂತ ಕೇಳಲಿ?"

ಆದರೂ ಕೂತರು. ಪುಶ್‌ರಾಡುಗಳನ್ನು ಕಲ್ಲಿನ ಮೇಲೆ ಉರುಳಿಸಿ ಸೊಟ್ಟಾದವುಗಳನ್ನು ಬೇರೆ ತೆಗೆದರು. ಸವೆದ ಗುರುತು ಕೂಡಿಸಿ ಕೂಡಿಸಿ ಜೋಡಿ ಹಚ್ಚಿದರು. ಎಲ್ಲ ಒಂದು ಹದಕ್ಕೆ ಬಂತು. ರಾಕರಿನ ಸರಳು ಮಾತ್ರ ಬರಲಿಲ್ಲ. ಕೊನೆಯ ರಾಕರಿಗೆ ಎಣ್ಣೆ ಹೋಗುವ ತೂತು ಒಳಗೇ ಜಿಗುಟುಗಟ್ಟಿ ಕಲ್ಲಾಗಿತ್ತು. ತಂತಿ ಹಾಕಿ ಕೆದಕಿದರು, ಡೀಸೆಲ್‌ನಲ್ಲಿ ನೆನೆಹಾಕಿದರು. ಅರ್ಧ ಬಿಚ್ಚಿತು. ಹೊಸ ಸರಳು ನನ್ನ ಅಂಗಡಿಯಲ್ಲಿ ಇರಲಿಲ್ಲ. ಕಲಬುರಗಿಗೆ ಫೋನು ಮಾಡಿದೆ, ಹೊರಗಿನಿಂದ ತರಿಸಬೇಕು, ವಾರ ಕಾಯಿರಿ ಎಂದರು.

ಕಾಯಲು ನಮ್ಮವ್ವ ಒಪ್ಪಬೇಕಲ್ಲ. ಶ್ರಾವಣದ ಕೊನೆಯ ಸೋಮವಾರ, ಗಾಡಿಯ ಪೂಜೆಗೆ ಐನೋರು ಕೊಟ್ಟ ಮುಹೂರ್ತ. ಅದು ದಾಟಿದರೆ ಅಮಾವಾಸ್ಯೆ ಅಡ್ಡ ಬರುತ್ತದೆ. ಅವಳು ಒಂದು ಸಲ ಹಟ ಹಿಡಿದಳೆಂದರೆ ಸ್ವಾಮಿಗಳು ಬಂದರೂ ಬಿಡಿಸಲಾಗದು.

ಆ ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಹೂವಿನ ಹಾರ ಬಿತ್ತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮಿಸ್ತ್ರಿ ಮುಚ್ಚಳ ಕೈಯಲ್ಲಿ ಹಿಡಿದು ಎಣ್ಣೆಗಾಗಿ ಕಾಯುತ್ತಿದ್ದರು. ನಿಂಗಪ್ಪ ಸೆಲ್ಫ್ ಹೊಡೆದ. ಮೊದಲ ರಾಕರು ಮಿನುಗಿತು. ಪಕ್ಕದವೂ ಒಂದೊಂದಾಗಿ ಮಿನುಗಿದವು. ಕೊನೆಯದು ಒಣಗಿಯೇ ಇತ್ತು. ಮತ್ತೆ ಹೊಡೆದ. ಅಂಚಿನಲ್ಲಿ ಬೆವರಿದಷ್ಟು ತೇವ ಕಂಡಿತು, ಅಷ್ಟೇ. ಮಿಸ್ತ್ರಿ ಕೈಯಿಂದ ಎಣ್ಣೆ ಸುರಿದು, ಸ್ಕ್ರೂಡ್ರೈವರು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು.

"ಮಿಸ್ತ್ರಿ, ಮುಹೂರ್ತ ಮೀರಾಕತ್ತದ" ಎಂದಳು ಅವ್ವ.

ಅವರು ಕಣ್ಣು ತೆರೆದರು. ಮುಖದ ಬಣ್ಣ ಬೇರೆಯಾಗಿತ್ತು. "ಯವ್ವಾ, ಜರಾ ತಡೀರಿ. ಈ ಕಡೀದಕ್ಕ…"

ಮುಂದಿನ ಮಾತು ಬರಲಿಲ್ಲ. ಅವ್ವ ತಟ್ಟೆಯಲ್ಲಿದ್ದ ಸಕ್ಕರೆಯನ್ನು ಮುಷ್ಟಿ ತುಂಬ ತೆಗೆದು ಅವರ ಬಾಯಿಗೆ ಒತ್ತಿದಳು. ಚಿಟಿಕೆಯಲ್ಲ, ಮುಷ್ಟಿ. ಅಂಗೈಯಿಂದ ತುಟಿ ಮುಚ್ಚಿ ಹಿಡಿದು ಅಂದಳು:

"ನನ್ನ ಮಗ ಮೊದಲನೇ ಖೇಪಿಗಿ ಹೊಂಟಾನ. ನಿನ್ನ ಕಾಲಿಗಿ ಬೀಳ್ತೀನಿ, ಏನೂ ಅನಬ್ಯಾಡ."

ಸಕ್ಕರೆ ಅವರ ಗಡ್ಡದ ಮೇಲಿಂದ ಉದುರಿತು. ಮಿಸ್ತ್ರಿ ನನ್ನ ಕಡೆ ನೋಡಿದರು. ಏನು ಮಿಸ್ತ್ರಿ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಕೊನೆಯ ರಾಕರು ಮಿನುಗದೆಯೇ ಮುಚ್ಚಳ ಮುಚ್ಚಿ ಬೋಲ್ಟು ಬಿಗಿದರು. ಅವರು ತಮ್ಮ ಕಟ್ಟಳೆ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಿಂಗಪ್ಪ ಟ್ರ್ಯಾಕ್ಟರ್ ಎಬ್ಬಿಸಿದಾಗ ಯಾರೂ ಕರೆಯದಿದ್ದರೂ ಮಿಸ್ತ್ರಿ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತರು. ಗಣಿಯ ಬಾಯಿಯಲ್ಲಿ ತೆಂಗಿನಕಾಯಿ ಒಡೆಯುವುದಿತ್ತು, ನಾನೂ ಅವ್ವನೂ ಟ್ರಾಲಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ತುಟಿ ಬಿಗಿಹಿಡಿದು ಬಾನೆಟ್ಟಿನ ಕಡೆಗೇ ನೋಡುತ್ತಿದ್ದರು.

ನಮ್ಮ ಕಡೆಯ ಗಣಿ ನೋಡದವರಿಗೆ ಹೇಳುತ್ತೇನೆ. ನೆಲದಲ್ಲಿ ಮನೆಗಳು ಮುಳುಗುವಷ್ಟು ಆಳದ ಹೊಂಡ, ಪದರಪದರವಾಗಿ ಎದ್ದ ಬೂದು ಕಲ್ಲು, ತಳದ ಒಂದು ಮೂಲೆಯಲ್ಲಿ ಹಸಿರು ನೀರು. ಮೇಲೆ ಬರಲು ಕಲ್ಲುಪುಡಿ ಸುರಿದು ಮಾಡಿದ ಒಂದೇ ಏರು. ಹಾಸುಗಲ್ಲು ತುಂಬಿದ ಟ್ರಾಲಿ ಆ ಏರು ಹತ್ತುವಾಗ ಅದೇ ಏರಿನ ಬುಡದಲ್ಲಿ ಹೆಂಗಸರು ಕಲ್ಲು ಹೊತ್ತು ಓಡಾಡುತ್ತಿರುತ್ತಾರೆ. ಗಾಡಿ ನಡುವೆ ನಿಂತು ಹಿಂದೆ ಸರಿದರೆ ಅವರಿಗೆ ಹೋಗಲು ಬೇರೆ ಜಾಗವಿಲ್ಲ.

ಕಾಯಿ ಒಡೆದ ಮೇಲೆ ನಾನೂ ಅವ್ವನೂ ಗಣಿಯ ಬಾಯಿಯಲ್ಲೇ ಉಳಿದೆವು, ಗಾಡಿ ತಳಕ್ಕಿಳಿದು ಟ್ರಾಲಿ ತುಂಬಿತು. ನಿಂಗಪ್ಪ ಗೇರ್ ಹಾಕಿದ. ಮೇಲೆ ನಿಂತಿದ್ದ ನಮಗೆ ಮಿಸ್ತ್ರಿ ಕಂಡರು. ಒಡೆದ ಫರಸಿಯ ದಪ್ಪ ತುಂಡೊಂದನ್ನು ಎರಡೂ ಕೈಯಲ್ಲಿ ಎದೆಗವಚಿ ಟ್ರಾಲಿಯ ಹಿಂದೆ ಹಿಂದೆ ನಡೆದು ಬರುತ್ತಿದ್ದರು. ಕೆಳಗಿದ್ದವರು ನಕ್ಕರು.

"ಏನ್ರಿ ಮಿಸ್ತ್ರಿ, ಕೂಸಿನ್ನ ಎತ್ಕೊಂಡು ಎಲ್ಲಿಗಿ ಹೊಂಟೀರಿ?"

ಅವರು ಉತ್ತರ ಕೊಡಲಿಲ್ಲ. ಬಾಯಿಗೆ ಸಕ್ಕರೆ ಬಿದ್ದಿತ್ತಲ್ಲ. ಏರಿನ ಅರ್ಧಕ್ಕೆ ಬಂದಾಗ ಎಂಜಿನ್ನಿನ ಟಕಟಕ ಬದಲಾದದ್ದು ನನಗೂ ಕೇಳಿಸಿತು. ಕೀರ್ ಎಂದು ಕಬ್ಬಿಣ ಕಬ್ಬಿಣವನ್ನು ಹಿಡಿದ ಸದ್ದು, ಆಮೇಲೆ ಪಟ್ ಎಂದು ಏನೋ ಹಾರಿದ್ದು. ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಗಾಬರಿಗೆ ನಿಂಗಪ್ಪ ಬ್ರೇಕಿನ ಬದಲು ಕ್ಲಚ್ ತುಳಿದ. ಕಲ್ಲಿನ ಭಾರ ಇಡೀ ಗಾಡಿಯನ್ನು ಹಿಂದಕ್ಕೆ ಎಳೆಯಿತು. ಕೆಳಗೆ ಹೆಂಗಸರು ಕಿರುಚಿದರು.

ಮಿಸ್ತ್ರಿ ಓಡಲಿಲ್ಲ. ಬಗ್ಗಿ ಟ್ರಾಲಿಯ ಗಾಲಿಯ ಹಿಂದೆ ಕಲ್ಲು ಒತ್ತಿದರು. ಗಾಲಿ ಕಲ್ಲನ್ನು ಹತ್ತಲು ನೋಡಿತು, ನಡುಗಿತು, ನಿಂತಿತು. ಎಡಗೈ ತೆಗೆಯುವುದು ಸ್ವಲ್ಪ ತಡವಾಯಿತು. ಕೊನೆಯ ಎರಡು ಬೆರಳು ಕಲ್ಲಿನ ಕೆಳಗೇ ಉಳಿದವು.

ಆಮೇಲೆ ಮುಚ್ಚಳ ತೆಗೆದು ನೋಡಿದರೆ ಆ ಕೊನೆಯ ರಾಕರು ಎಣ್ಣೆ ಇಲ್ಲದೆ ಸುಟ್ಟು, ಬೆಸುಗೆ ಹಾಕಿದಂತೆ ಸರಳಿಗೆ ಅಂಟಿಕೊಂಡಿತ್ತು. ಪುಶ್‌ರಾಡು ಬಾಗಿ ಹೊರಗೆ ಬಿದ್ದಿತ್ತು.

ಅವರು ನನ್ನ ತಮ್ಮನನ್ನು ಉಳಿಸಿದರು, ಆ ಹೆಂಗಸರನ್ನೂ ಉಳಿಸಿದರು. ಊರು ಏನು ಅಂದಿತು ಗೊತ್ತೇ? ಆಗುವುದು ಮೊದಲೇ ಗೊತ್ತಿಲ್ಲದಿದ್ದರೆ ಕಲ್ಲು ಹಿಡಿದು ಹಿಂದೆ ಯಾಕೆ ಬಂದ? ಮನಸ್ಸಿನಲ್ಲಿ ಅಂದುಕೊಂಡೇ ಬಂದಿದ್ದ. ನಮ್ಮವ್ವ, ಅವರ ಕೈಗೆ ತಾನೇ ಸೆರಗು ಹರಿದು ಸುತ್ತಿದವಳು, ಮನೆಗೆ ಬಂದು ಗೋಡೆಗೆ ಒರಗಿ ಕೂತು ಅಂದಳು:

"ಬಾಯಿ ಮುಚ್ಚಿದೆ ಖರೆ. ಮನಸ್ಸ ಮುಚ್ಚಾಕ ಆಗಲಿಲ್ಲ ನೋಡು."

ನಾನು ಅವತ್ತು ಅವಳ ಜೊತೆ ಆಡಿದ ಜಗಳ ಬೀದಿಯವರೆಲ್ಲ ನಿಂತು ಕೇಳುವಂಥದ್ದು. ಅವಳು ಮಣಿಯಲಿಲ್ಲ. ನಿಂಗಪ್ಪ ಹೊಸ ಸರಳು ಹಾಕಿಸಿಕೊಂಡ, ಮಿಸ್ತ್ರಿಯಿಂದಲೇ, ಆದರೆ ಅವ್ವನಿಗೆ ಹೇಳದೆ. ಮಿಕ್ಕ ಗಿರಾಕಿಗಳು ಮೆಲ್ಲಗೆ ಶಹಾಬಾದ ರಸ್ತೆಯ ಬೇರೆ ಮಿಸ್ತ್ರಿಗಳ ಕಡೆಗೆ ತಿರುಗಿದರು. ಬಾಯಿಗಾದರೆ ಸಕ್ಕರೆ ಹಾಕಬಹುದಿತ್ತು, ಮನಸ್ಸಿಗೆ ಎಲ್ಲಿಂದ ಹಾಕುವುದು? ಮಿಸ್ತ್ರಿ ಖಾಲಿ ಫರಸಿಯನ್ನು ದಿನಾ ಒರೆಸುತ್ತಿದ್ದರು. ನನ್ನ ಮೆಟ್ಟಿಲ ಮೇಲೆ ಕೂತು ರಸ್ತೆಗೆ ಕಿವಿ ಕೊಡುತ್ತಿದ್ದರು. ಕೆಲವು ಸದ್ದಿಗೆ ಅವರ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ಏನು ಎಂದು ಕೇಳಿದರೆ, "ಏನಿಲ್ಲ ಯಕ್ಕಾ, ಚಹಾ ಕೊಡು" ಎನ್ನುತ್ತಿದ್ದರು. ನನ್ನ ಹತ್ತಿರವೂ ಮಾತು ಬಂದ್ ಆಯಿತು. ಆ ದಿನಗಳಲ್ಲಿ ನನಗೆ ರಸ್ತೆಯ ಮೇಲಿನ ಪ್ರತಿ ಗಾಡಿಯೂ ಏನೋ ಬಚ್ಚಿಟ್ಟುಕೊಂಡು ಹೋಗುತ್ತಿದೆ ಅನ್ನಿಸುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಶೆಡ್ಡಿನಲ್ಲಿ ಫರಸಿಯ ಮೇಲೆ ತಲೆ ಇಟ್ಟು ಬಿದ್ದಿದ್ದನ್ನು ಮೊದಲು ನೋಡಿದವಳು ನಾನೇ. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಮೈ ಸತ್ತಿತ್ತು, ಮಾತು ಪೂರ್ತಿ ಹೋಗಿತ್ತು. ಎದೆಯೂ ಸರಿಯಿಲ್ಲ, ಹುಷಾರಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಮಗಳಿಗೆ ಹೇಳಿ ಕಳಿಸಿದ್ದರು. ಅವಳು ನಾಲವಾರದಿಂದ ದಿನ ಬಿಟ್ಟು ದಿನ ರೈಲಿಗೆ ಬರುತ್ತಿದ್ದಳು. ಅವಳು ಇಲ್ಲದ ದಿನ ಗಂಜಿ ನನ್ನ ಮನೆಯಿಂದ ಹೋಗುತ್ತಿತ್ತು.

ಮಾತು ಹೋದ ಮೇಲೆ ಮಿಸ್ತ್ರಿಯ ಮನೆಗೆ ಮಂದಿ ಬರತೊಡಗಿದರು. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತೇನೆ. ಬಾಳೆಹಣ್ಣು ತಂದರು, ಬ್ರೆಡ್ಡು ತಂದರು, ಮಂಚದ ಪಕ್ಕ ಕೂತು ತಾಸುಗಟ್ಟಲೆ ಹರಟಿದರು. ಎಂಥ ಮನುಷ್ಯ, ಎಂಥ ಕೈ ಎಂದು ಹೊಗಳಿದರು. ಹೆದರಲು ಈಗ ಏನೂ ಉಳಿದಿರಲಿಲ್ಲ.

ನಮ್ಮವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಗಣಿಗೆ ಹೊರಟಿದ್ದ ನಿಂಗಪ್ಪ ಟ್ರ್ಯಾಕ್ಟರನ್ನು ಬಾಗಿಲ ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಅವಳನ್ನು ಇಳಿಸಿ ಒಳಗೆ ಕರೆತಂದ. ನಾನು ಗಂಜಿ ಕುಡಿಸುತ್ತಿದ್ದೆ. ಅವ್ವ ಮಂಚದ ಅಂಚಿಗೆ ಕೂತು, ಎರಡು ಬೆರಳಿಲ್ಲದ ಆ ಎಡಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದುಕೊಂಡಳು.

"ನನ್ನ ತಪ್ಪಾತೋ ಯಪ್ಪಾ" ಎಂದಳು. "ಈಗರ ಹೇಳು. ಏನಿದ್ದರೂ ಹೇಳು, ನಾ ಕೇಳ್ತೀನಿ."

ಮಿಸ್ತ್ರಿಯ ತುಟಿ ಅಲುಗಿತು. ಸದ್ದು ಬರಲಿಲ್ಲ. ಆಮೇಲೆ ಆ ಕೈಯ ತೋರುಬೆರಳು ಮಂಚದ ಕಬ್ಬಿಣದ ಪಟ್ಟಿಯನ್ನು ಬಡಿಯತೊಡಗಿತು. ಟಕ್ ಟಕ್. ಟಕ್. ನಿಂತಿತು. ಮತ್ತೆ ಟಕ್‌ಟಕ್ ಎಂದು ಎರಡು ಒಟ್ಟೊಟ್ಟಿಗೆ. ಮತ್ತೆ ನಿಂತಿತು.

ನಿಂಗಪ್ಪ ಬಾಗಿಲ ಕಡೆ ತಿರುಗಿದ. ಹೊರಗೆ ಅವನ ಎಂಜಿನ್ ನಡೆಯುತ್ತಿತ್ತು.

"ಅಕ್ಕಾ, ಇದು ಒಂದು ವಾಲ್ವು ತಪ್ಪಿದ ಸಪ್ಪಳ."

"ಅಂವ ಹೇಳಾಕತ್ತಾನ! ಹೋಗು ನಿಂಗ್ಯಾ, ಬಿಚ್ಚಿ ನೋಡು, ಖಣಿಗಿ ಒಯ್ಯಬ್ಯಾಡ" ಎಂದು ಅವ್ವ ಕೂಗಿದಳು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಮಿಸ್ತ್ರಿಯ ಎಚ್ಚರಿಕೆಯನ್ನು ಆ ಕ್ಷಣಕ್ಕೇ ನಂಬಿದ್ದರು.

ನಾವಿಬ್ಬರೂ ಓಡಿದೆವು. ನಿಂಗಪ್ಪ ಎಂಜಿನ್ ಬಂದ್ ಮಾಡಿ ಮುಚ್ಚಳ ಬಿಚ್ಚಿದ. ನಾನು ಬೋಲ್ಟು ಬಿಚ್ಚುವ ಪಾನಾ ಕೊಡುತ್ತಾ ನಿಂತೆ. ರಾಕರು ಒಂದೊಂದನ್ನೂ ಅಲುಗಾಡಿಸಿದ. ಸರಳು ತೆಗೆದು ತೂತುಗಳಲ್ಲಿ ತಂತಿ ಹಾಕಿದ. ಪುಶ್‌ರಾಡುಗಳನ್ನು ಶೆಡ್ಡಿನ ಫರಸಿಯ ಮೇಲೆ, ಮಿಸ್ತ್ರಿ ಮಾಡುತ್ತಿದ್ದ ಹಾಗೆ, ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಉರುಳಿಸಿದ. ಲಾಕುಗಳ ಮೇಲೆ ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿದ. ಯಾವುದರಲ್ಲೂ ಕುಂದಿರಲಿಲ್ಲ. ಕೊನೆಯ ರಾಕರಿನ ಮೇಲೂ ಎಣ್ಣೆ ತುಂಬಿ ಮಿನುಗುತ್ತಿತ್ತು. ನಿಂಗಪ್ಪ ಎಣ್ಣೆಯ ಕೈಯಿಂದಲೇ ಹಣೆ ಒರೆಸಿಕೊಂಡು ನಕ್ಕುಬಿಟ್ಟ.

"ಏನೂ ಆಗಿಲ್ಲಕ್ಕಾ! ಎಲ್ಲಾ ಸರಿ ಅದ. ಮಿಸ್ತ್ರಿಗಿ ಹೇಳೋಣು ಬಾ."

ನಗುತ್ತಲೇ ಒಳಗೆ ಹೋದೆವು. ಅವ್ವ ಹಾಗೆಯೇ ಕೂತಿದ್ದಳು, ಅವರ ಮಣಿಕಟ್ಟನ್ನು ಹಿಡಿದುಕೊಂಡು. ಬೆರಳು ನಿಂತಿತ್ತು. ಮಿಸ್ತ್ರಿಯ ಕಣ್ಣು ಮುಚ್ಚಿತ್ತು, ಎಂಜಿನ್ನಿಗೆ ಕಿವಿ ಕೊಟ್ಟಾಗ ಮುಚ್ಚುತ್ತಿದ್ದ ಹಾಗೆ.

"ಅಂವ ಟ್ರ್ಯಾಕ್ಟರ್ ಮಾತ ಹೇಳಿಲ್ಲ" ಎಂದಳು ಅವ್ವ. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. "ನಾಡಿ ನನ್ನ ಕೈಯಾಗಿತ್ತು. ನಾಡಿ ಹ್ಯಾಂಗ ಬಡೀತಿತ್ತೋ ಬಟ್ಟು ಹಂಗ ಬಡೀತಿತ್ತು. ನಾಡಿ ತಪ್ಪಿದಾಗ ಬಟ್ಟೂ ತಪ್ಪತಿತ್ತು. ತನ್ನ ಎದೀದ ಸಪ್ಪಳ ಹೇಳಾಕತ್ತಿದ್ದ. ತಿಳದ ಕೂಡ್ಲೇ ನಿಮಗ ಕೂಗಿದೆ, ಭಾಳ ಕೂಗಿದೆ. ನಿಮ್ಮ ಸುತ್ತಿಗಿ ಸಪ್ಪಳದಾಗ ಕೇಳಿಸಲಿಲ್ಲ ನಿಮಗ."

ನಿಂಗಪ್ಪನ ಕೈಯಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಎದೆಯ ಬಗ್ಗೆ ಹೇಳಿದ್ದು ನನಗೆ ಆಗ ನೆನಪಾಯಿತು. ಶೆಡ್ಡಿನಿಂದ ಮಂಚಕ್ಕೆ ಒಂದು ಗೋಡೆಯಷ್ಟೇ ಅಡ್ಡ.

ಮಧ್ಯಾಹ್ನದ ರೈಲಿಗೆ ಮಗಳು ಬಂದಳು. ಓಣಿಯ ಹೆಂಗಸರು ಬಂದು ಮಾಡಬೇಕಾದದ್ದನ್ನು ಮಾಡತೊಡಗಿದರು. ಹಿರಿಯಳೊಬ್ಬಳು ಬಿಳಿ ಬಟ್ಟೆಯ ಪಟ್ಟಿ ಹರಿದುಕೊಂಡು ದವಡೆ ಕಟ್ಟಲು ಬಗ್ಗಿದಳು. ಸತ್ತವರ ಬಾಯಿ ತೆರೆದುಕೊಳ್ಳಬಾರದೆಂದು ಎಲ್ಲರಿಗೂ ಕಟ್ಟುತ್ತೇವೆ. ನಮ್ಮವ್ವ ಆ ಹಿರಿಯಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಕಟ್ಟಬ್ಯಾಡ್ರಿ" ಎಂದಳು. "ಇಷ್ಟ ವರ್ಷ ಮುಚ್ಚಿದ್ದು ಸಾಕು."

ಮಗಳೂ ತಲೆಯಾಡಿಸಿದಳು. ಬಾಯಿ ತೆರೆದೇ ಮಿಸ್ತ್ರಿಯನ್ನು ಮಣ್ಣಿಗೆ ಒಯ್ದೆವು.